ಡಮ್ಮಿ ಸಾಲು

ಶಿವಮೊಗ್ಗದ ಖಾಸಗಿ ಬಸ್‌ಸ್ಟ್ಯಾಂಡಿನ ಹಿಂದೆ, ಮೆಟ್ಟಿಲ ಅಡಿಯಲ್ಲಿ
ನನ್ನ ಆಫೀಸು: ಒಂದು ಮೇಜು, ಟ್ರಿಪ್‌ಶೀಟಿನ ಕಟ್ಟು,
ಡೀಸೆಲ್ ವಾಸನೆ ಹಿಡಿದ ಪಠ್ಯಪುಸ್ತಕ.
ಹಗಲು ನಾಗೋಜಿರಾಯರ ಐದು ಬಸ್ಸಿನ ಲೆಕ್ಕ,
ಸಂಜೆ ಆರಕ್ಕೆ ಎಂಬಿಎ, ಎರಡನೇ ವರ್ಷ,
ಮೂವತ್ತೆಂಟನೇ ವಯಸ್ಸಿಗೆ.

ಆಪರೇಷನ್ಸ್ ರಿಸರ್ಚ್ ಅಂದ್ರೆ ಆಸ್ಪತ್ರೆದಾ ಅಂತ
ಕಂಡಕ್ಟರ್ ಕಾಸಿಂ ಕೇಳಿದ್ದ.
ಅಲ್ಲ ಮಾರಾಯ, ಇರೋದರಲ್ಲೇ ಹೊಂದಿಸೋದು.
ಅದನ್ನ ಕಲಿಯೋಕೂ ಫೀಸಾ, ಅಂದ,
ದಿನದ ಕಲೆಕ್ಷನ್ ಎಣಿಸಿ ಮೇಜಿಗಿಟ್ಟು.

ಎಡಕ್ಕೆ ಆಳು, ಮೇಲೆ ಕೆಲಸ,
ನಡುವಿನ ಮನೆಗಳಲ್ಲಿ ಖರ್ಚು.
ಪ್ರತಿ ಸಾಲಿನ ಚಿಕ್ಕದನ್ನು ಆ ಸಾಲಿನಿಂದಲೇ ಕಳೆ,
ಕಂಬಸಾಲಿಗೂ ಅದೇ ಶಾಸ್ತ್ರ;
ಸೊನ್ನೆ ಹುಟ್ಟಿದಲ್ಲಿ ಒಬ್ಬೊಬ್ಬನನ್ನು ಕೂರಿಸು.
ಸೊನ್ನೆಗೋಸ್ಕರ ಇಷ್ಟು ಬೆವರು ಸುರಿಸುವ ವಿದ್ಯೆ
ಇದೊಂದೇ ಇರಬೇಕು.

ಆಳು ಕಡಿಮೆ ಬಿದ್ದರೆ? ವಾರಿಜಾ ಮೇಡಂ
ಕೆಳಗೊಂದು ಸಾಲು ಎಳೆದರು:
ಡಮ್ಮಿ. ಉದ್ದಕ್ಕೂ ಸೊನ್ನೆ.
"ಇವನು ಸಂಬಳ ಕೇಳಲ್ಲ, ರಜ ಕೇಳಲ್ಲ.
ಇವನ ಪಾಲಿಗೆ ಬಂದ ಕೆಲಸ ಆಗೋದಿಲ್ಲ, ಅಷ್ಟೆ."

ಆ ವಾರವೇ ದ್ಯಾವಪ್ಪ ಮೊಣಕಾಲು ಹಿಡಿದುಕೊಂಡು ಸ್ಟೇರಿಂಗ್ ಬಿಟ್ಟ.
ಉಳಿದವರು ಗಾಮಪ್ಪ, ಇನಾಸ್, ರುದ್ರೋಜಿ, ಚಿಕ್ಕ ಶೌಕತ್.
ರೂಟು ಐದು.
ಸಾಹುಕಾರರು, ನೀವು ಓದ್ತೀರಲ್ಲ, ಹಾಕಿ ನೋಡಿ, ಅಂದರು.
ಹಾಕಿದೆ. ಡೀಸೆಲ್ಲು, ಭತ್ಯೆ, ಘಾಟಿಯಲ್ಲಿ ಸವೆಯುವ ಟಯರು,
ಕಳೆದೆ, ಗೆರೆ ಎಳೆದೆ, ಮತ್ತೆ ಕಳೆದೆ.
ಡಮ್ಮಿ ಹೋಗಿ ಕೂತದ್ದು
ಹೊಂಗೆಕೊಪ್ಪದ ನೈಟ್‌ಹಾಲ್ಟಿಗೆ:
ಇಲ್ಲಿಂದ ಸಂಜೆ ಐದೂ ಇಪ್ಪತ್ತು,
ರಾತ್ರಿ ಶಾಲೆ ಜಗಲಿಯ ಪಕ್ಕ ಮಲಗಿ
ಬೆಳಗ್ಗೆ ಆರಕ್ಕೆ ವಾಪಸ್ಸು ಹೊರಡುವ ಬಸ್ಸು.

ತಪ್ಪಿಲ್ಲ. ಎರಡು ಸಲ ತಾಳೆ ನೋಡಿದೆ.
ಹಂಗೇರಿಯವರ ಲೆಕ್ಕಕ್ಕೆ ಯಾರ ಹಂಗೂ ಇಲ್ಲ.

ಆ ರೂಟಿನ ಇನಾಸನನ್ನು ಕೇಳಿದೆ, ಯಾರು ಹತ್ತುತ್ತಾರೆ?
ಪಿಯುಸಿ ಹುಡುಗಿಯರು ನಾಲ್ಕು ಜನ, ಪಾಸು.
ಅಂಗನವಾಡಿ ಟೀಚರು. ಹಾಲಿನ ಕ್ಯಾನು ಎರಡು, ಟಿಕೆಟ್ಟಿಲ್ಲ.
ಮಂಗಳವಾರ ಶುಕ್ರವಾರ ಮುಂದಿನ ಸೀಟಿಗೆ ಒಬ್ಬ,
ಮೆಗ್ಗಾನಿಗೆ, ಡಯಾಲಿಸಿಸ್ಸು.
"ಹೋಗ್ತಾ ತುಂಬಾ ಮಾತಾಡ್ತಾನೆ. ಬರ್ತಾ ಇಲ್ಲ."

ಕೂರಿಸಬಾರದ ಮನೆಗೆ 'ಎಂ' ಬರೀರಿ ಅಂದಿದ್ದರು ಮೇಡಂ.
ಎಂ ಅಂದ್ರೆ ಎಷ್ಟು, ಕೇಳಿದ್ದ ಹಿಂದಿನ ಬೆಂಚಿನವನು.
ಎಷ್ಟಾದರೂ. ಯಾವ ಖರ್ಚೂ ಹತ್ತಿರ ಸುಳಿಯದಷ್ಟು.

ಡಮ್ಮಿ ಸಾಲಿನಲ್ಲಿ, ಹೊಂಗೆಕೊಪ್ಪದ ಕೆಳಗೆ,
ಸೊನ್ನೆ ಅಳಿಸಿ ಎಂ ಬರೆದೆ.
ಡಮ್ಮಿ ಎದ್ದು ಭದ್ರಾವತಿಗೆ ಹೋಯಿತು,
ಅಲ್ಲಿಗೆ ಎಂಟು ನಿಮಿಷಕ್ಕೊಂದು ಬಸ್ಸಿದೆ, ಬೇರೆಯವರದ್ದು.
ದಿನಕ್ಕೆ ಆರುನೂರ ನಲವತ್ತು ರೂಪಾಯಿ ಜಾಸ್ತಿ.

ನಾಗೋಜಿರಾಯರು ಹಾಳೆ ತಿರುಗಿಸಿ, ಮುರುಗಿಸಿ,
"ಈ ಎಂ ಯಾರು?"
ಹೇಳಿದೆ. ಹಾಲಿನ ಕ್ಯಾನನ್ನೂ ಬಿಡದೆ ಹೇಳಿದೆ.
ಅವರು ಕನ್ನಡಕ ಒರೆಸಿದರು, ಮತ್ತೆ ಒರೆಸಿದರು.
"ಒಂದು ತಿಂಗಳು ನೋಡಣ.
ಆಮೇಲೆ ನಿಮ್ಮ ಎಂ ಎಷ್ಟು ಅಂತ ರೂಪಾಯಲ್ಲಿ ಹೇಳಿ."

ನಿನ್ನೆ ಪರೀಕ್ಷೆ. ನಾಲ್ಕನೇ ಪ್ರಶ್ನೆ, ಬಿ:
ಮೆಷಿನ್ ನಾಲ್ಕು, ಕೆಲಸ ಐದು.
ಕೈ ತಾನಾಗಿ ನಡೆಯಿತು, ಹತ್ತು ನಿಮಿಷಕ್ಕೆ ಉತ್ತರ:
ಮೂರನೇ ಕೆಲಸ ಡಮ್ಮಿಗೆ.
ಅಂಕ ಅಲ್ಲಿಗೇ ಮುಗಿಯುತ್ತದೆ, ಗೊತ್ತು.
ಆದರೂ ಕೆಳಗೆ ಇನ್ನೊಂದು ಸಾಲು ಬರೆದೆ:
ಮೂರನೇ ಕೆಲಸ ಯಾರದ್ದು ಅಂತ ಕೊಟ್ಟಿಲ್ಲ.

ಹೊರಗೆ ಬಂದಾಗ ಐದೂ ಹದಿನೆಂಟು.
ಇನಾಸ್ ಹಾರನ್ ಹೊಡೆಯುತ್ತಿದ್ದ.
ತಿಂಗಳಿಗಿನ್ನು ಒಂಬತ್ತು ದಿನ.