ಹದಿನೆಂಟನೆಯ ಸಾವು

ಇದೇ ಬೀಚ್ ಮರಗಳ ಕೆಳಗೆ
ಹದಿನೇಳು ಸಲ ಸತ್ತಿದ್ದೇನೆ ನಾನು.
ವರ್ಷಕ್ಕೊಂದು ಸಾವು, ಅಕ್ಟೋಬರಿನ ಎರಡನೇ ಶನಿವಾರ,
ಕತ್ತಲಾಗಲು ಅರ್ಧ ಗಂಟೆ ಇರುವಾಗ.
ಸಾಯುವುದರಲ್ಲಿ ಪಳಗಿದ ಮೈ ನನ್ನದು:
ಮೊದಲು ಮಂಡಿ, ಆಮೇಲೆ ಭುಜ, ಕೊನೆಗೆ ಟೋಪಿ.

ಉಳಿದ ದಿನ ನಾನು ಪ್ರೇಬೆನ್,
ಸಿಲ್ಕೆಬೋರ್ಗಿನಲ್ಲಿ ನಾಲ್ಕನೇ ನಂಬರಿನ ಬಸ್ಸು ಓಡಿಸುತ್ತೇನೆ.
ಇಲ್ಲಿ ಮಾತ್ರ ಓರ್ಮ್, ದೋಣಿಗಟ್ಟೆ ಕಾಯುವ ಮುದುಕ,
ಉಣ್ಣೆಯ ನಿಲುವಂಗಿ, ಕೊರಳಲ್ಲಿ ಕೋಟೆಯ ಬೀಗದಕೈ.
ಹೊಸಬರು ಕಥೆಯೊಳಗೆ ಕಾಲಿಡುವುದೇ ನನ್ನ ಹೆಣ ದಾಟಿ.
ಯಾರಾದರೂ ಬಗ್ಗಿ, ಕೈ ಕಿತ್ತುಕೊಂಡು, ಮುಂದೆ ಹೋಗಬೇಕು.
ನಾನು ಎದ್ದು ಎಲೆ ಕೊಡವಿಕೊಂಡು
ಅಡುಗೆ ಡೇರೆಯಲ್ಲಿ ಬಾರ್ಲಿ ಗಂಜಿ ಕಲಕಬೇಕು.

ಈ ಸಲ ಹೊಸಬರು ನಾಲ್ವರು.
ಬೇಕರಿಯ ಹುಡುಗ ಕ್ರೆಸ್ಟೆನ್, ತೋಳೊಳಗೆ ಬಚ್ಚಿಟ್ಟ ಅವನ ಗಡಿಯಾರ
ಗಂಟೆಗೊಮ್ಮೆ ಕೀಚ್ ಎನ್ನುತ್ತಿತ್ತು.
ವಿಬೋರ್ಗಿನ ಅಕ್ಕತಂಗಿ, ಒಬ್ಬಳ ರಬ್ಬರ್ ಕಿವಿ ಇನ್ನೊಬ್ಬಳು ನೋಡಿ
ನಗು ತಡೆಯಲಾರದೆ ಮರದ ಹಿಂದೆ ಓಡುವವರು.
ಮತ್ತೆ ರಾಗ್ನಾ. ಕರೆಂಟ್ ಆಫೀಸಿನ ಗುಮಾಸ್ತೆ, ನಲವತ್ತರ ಆಸುಪಾಸು,
ನಿಯಮದ ಹಾಳೆಯನ್ನು ಮಡಿಚಿ ಮಡಿಚಿ ಅಂಚೆಚೀಟಿಯಷ್ಟು ಮಾಡಿದ್ದಳು.
"ತಲೆಯ ಮೇಲೆ ಕೈ ಇಟ್ಟರೆ ನಾನಿಲ್ಲಿ ಇಲ್ಲ ಅಂತ, ಅಲ್ಲವಾ?"
ಎರಡು ಸಲ ಕೇಳಿದಳು.
ಹೌದು, ಅಂದೆ. ಎಲ್ಲಿಗೆ ಹೋದಿರಿ ಅಂತ ಯಾರೂ ಕೇಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಜರೀಗಿಡದ ಮರೆಯಿಂದ ಬಂದರು ದರೋಡೆಕೋರರು.
ಫೋಮಿನ ಕತ್ತಿ ಪಕ್ಕೆಗೆ ತಗುಲಿತು,
ಬೀಟ್‌ರೂಟ್ ರಸದ ಚೀಲ ಒಡೆಯಿತು.
ಮಂಡಿ. ಭುಜ. ಟೋಪಿ.
"ಬೀಗದಕೈ..." ಎಂದು ನರಳಿದೆ,
ವರ್ಷಗಟ್ಟಲೆ ಹದ ಮಾಡಿಟ್ಟ ದನಿಯಲ್ಲಿ.

ಅದನ್ನವಳು ನೋಡಲೇ ಇಲ್ಲ.
ಶಾಲು ಬಿಚ್ಚಿ ಮಂಡಿಯೂರಿದಳು,
ಇಲ್ಲದ ಗಾಯದ ಮೇಲೆ ಎರಡೂ ಅಂಗೈ ಒತ್ತಿದಳು.
ಭಾರ ನಿಜದ್ದು, ಪಕ್ಕೆಲುಬೂ.
"ಕ್ರೆಸ್ಟೆನ್, ಕಾಲು ಹಿಡಿ. ನೀವಿಬ್ಬರು ಬೆಂಕಿ ಹಾಕಿ.
ಇವನು ಸಾಯುವುದಿಲ್ಲ."
ಸಾಯಬೇಕು ತಾಯೀ, ಅನ್ನೋಣವೆನಿಸಿತು,
ನಾನು ಸತ್ತರೆ ತಾನೆ ನಿಮಗೆ ಕಥೆ!
ಆಚೆ ಓಕ್ ಮರದ ಬುಡದಲ್ಲಿ ಆಟದ ಯಜಮಾನಿ ಬೋದಿಲ್
ಪಟ್ಟಿ ಎದೆಗೊತ್ತಿಕೊಂಡು
ಸಾಯಿ, ಸಾಯಿ ಎಂದು ಕಣ್ಣಲ್ಲೇ ಬೇಡುತ್ತಿದ್ದಳು.
ಕೈ ಎತ್ತಿದೆ, ತಲೆಯ ಕಡೆಗೆ, ಅರ್ಧ.

ರಾಗ್ನಾಳ ಬೆರಳು ನಡುಗುತ್ತಿದ್ದವು. ಗಂಟು ಮಾತ್ರ ಬಿಗಿ.
ಹಿಂದೆಂದೋ ಯಾರಿಗೋ
ತಡವಾಗಿ ಕಟ್ಟಿದ್ದ ಗಂಟಿರಬೇಕು.
ಅದನ್ನು ಕೇಳುವ ಸಾಲು ಓರ್ಮ್‌ನ ಪಾತ್ರದಲ್ಲಿಲ್ಲ.
ಎತ್ತಿದ ಕೈಯಲ್ಲಿ ಕೆನ್ನೆಗಂಟಿದ ಎಲೆಯೊಂದನ್ನು ತೆಗೆದು
ಕೆಳಗಿಳಿಸಿದೆ.

ಹೀಗೆ ಬದುಕಿಕೊಂಡೆ.

ಬದುಕಿಕೊಂಡ ಓರ್ಮ್ ಯಾರೆಂದು ನನಗೇ ತಿಳಿಯದು.
ಅವನಿಗೆ ಹೆಂಡತಿ ಇದ್ದಳೇ? ಕತ್ತಲೆಂದರೆ ಹೆದರುತ್ತಾನೆಯೇ?
ಕುಂಟುವುದಾದರೆ ಯಾವ ಕಾಲು?
"ಅಜ್ಜಾ, ಕೋಟೆಯೊಳಗೆ ಏನಿದೆ?" ಕಿರಿಯವಳು ಕೇಳಿದಳು.
ಹದಿನೇಳು ವರ್ಷ ಬೀಗದಕೈ ಹೊತ್ತವನು ತಡವರಿಸಿದೆ.
ಹೆಗಲು ಕೊಟ್ಟರು. ಜೌಗು ದಾಟಿದೆವು.
ಗಡಿಯಾರ ಕೀಚ್ ಎಂದಿತು. "ಹಕ್ಕಿ," ಅಂದ ಕ್ರೆಸ್ಟೆನ್,
ಯಾರೂ ನಗಲಿಲ್ಲ, ಎಲ್ಲರೂ ತಲೆಯೆತ್ತಿ ಕೊಂಬೆ ನೋಡಿದೆವು.

ಕೋಟೆಯ ಬಾಗಿಲು. ಹಲಗೆ, ಮೊಳೆ, ಒಂದು ಹಳೇ ಬೀಗ.
ಹಿಂದಿನಿಂದ ಗಾಳಿಯಲ್ಲಿ ತಳ ಹಿಡಿದ ಗಂಜಿಯ ವಾಸನೆ.
ರಾಗ್ನಾ ತಲೆಯ ಮೇಲೆ ಕೈ ಇಟ್ಟಳು, ಮೆಲ್ಲಗೆ,
"ನಾನೇನಾದರೂ ಕೆಡಿಸಿಬಿಟ್ಟೆನಾ?"

"ಗೊತ್ತಿಲ್ಲ," ಅಂದೆ. "ಇಷ್ಟು ದೂರ ನಾನೂ ಬಂದವನಲ್ಲ."

ಕೈ ಇಳಿಸಿದಳು.
ಬೀಗಕ್ಕೆ ತೂರಿಸಿದೆ. ಉಲ್ಟಾ.
ಅವಳೇ ತಿರುಗಿಸಿ ಕೊಟ್ಟಳು.