ಐವತ್ತು ಹರ್ಟ್ಜ್

ಮೂರು ರಾತ್ರಿ ಡ್ರೈವರ್ ಸಿಗಲಿಲ್ಲ. ನಾಲ್ಕನೆಯ ರಾತ್ರಿ ಸಿಕ್ಕಿತು,
ಪೋರ್ಟ್ ತೆರೆಯಲಿಲ್ಲ.
ಶ್ರೀಗಾದಿಯವರ ನರ್ಸಯ್ಯ ಬಂದು, ತೆಲುಗಿನಲ್ಲಿ ಲ್ಯಾಪ್‌ಟಾಪಿಗೆ ಬೈದು,
ಕೇಬಲ್ ತಿರುಗಿಸಿ ಚುಚ್ಚಿದ:
ಹಸಿರು ಗೆರೆಗಳು ಎಂಟು, ಪರದೆಯ ಮೇಲೆ
ಎಂಟೆಳೆ ಹಾಸು ಹೂಡಿದಂತೆ,
ಹೊಕ್ಕು ಇನ್ನೂ ಇಲ್ಲ.

ತಲೆ ಬೇಕಿತ್ತು ಒಂದು.
ನನ್ನದರಲ್ಲಿ ನಿದ್ದೆಯಿಲ್ಲ, ಅವನದರಲ್ಲಿ ಬರೀ ಕ್ರಿಕೆಟ್ಟು.
ಗುರುಬಾಳವ್ವ ಆತ್ಯಾ ಅಂದಳು: "ನಂದ ತಗೋ,
ಹೆಂಗೂ ಖಾಲಿ ಐತಿ."

ಸಾಖರ ಪೇಠದ ಆ ಖೋಲಿಯಲ್ಲಿ, ಚಾದರಿನ ಗಂಟುಗಳ ನಡುವೆ
ಸ್ಟೂಲಿನ ಮೇಲೆ ಕೂತಳು.
ಬೈತಲೆ ಬಿಡಿಸಿ, ಕೂದಲ ಬುಡ ಹುಡುಕಿ ಜೆಲ್ ಹಚ್ಚಿದೆ,
ಹೇನು ನೋಡುವವರ ಹಾಗೆ.
ಕಿವಿಯ ಕ್ಲಿಪ್ಪಿಗೆ ಜಾಗ ಬೇಕು: ಬೆಂಡವಾಲಿ ಬಿಚ್ಚಿ
ಸೆರಗಿಗೆ ಗಂಟು ಹಾಕಿಕೊಂಡಳು.
ಲಗ್ನದ ಮರುದಿನದಿಂದ ತೆಗೆದಿರಲಿಲ್ಲವಂತೆ.

ವಿವರಿಸಿದೆ: ಕಣ್ಣು ಮುಚ್ಚಿದರೆ ಆಲ್ಫಾ ಏಳುತ್ತದೆ,
ಅದಕ್ಕೆ ತಂಬೂರಿ ಕಟ್ಟಿದ್ದೇನೆ. ಮನಸ್ಸಲ್ಲೇ ಲೆಕ್ಕ ಮಾಡಿದರೆ ಬೀಟಾ,
ಅದು ಪೇಟಿ. ಮೊದಲು ಎರಡು ನಿಮಿಷ
ಏನನ್ನೂ ಯೋಚಿಸದೆ ಇರಬೇಕು.
"ಮೂವತ್ತೊಂದು ವರ್ಷ ಪಾಳಿ ಮಾಡೀನಿ,
ಅದನ್ನೂ ನೀ ಕಲಸಬೇಕೇನ?"

ಬಂತು. ರೆಪ್ಪೆ ಬಡಿದಾಗೆಲ್ಲ ಢಪ್ಪೆಂದು ತಬಲಾ:
ಅದು ಮೆದುಳಲ್ಲ, ಕಣ್ಣಿನ ಸ್ನಾಯು. ತೆಗೆದೆ.
ಎಲೆಯಡಿಕೆ ಜಗಿದಾಗ ಮದುವೆ ಬ್ಯಾಂಡು: ಅದು ದವಡೆ.
ಉಗುಳಿ ಬಾ ಅಂದೆ.
ಕೊನೆಗೆ ತಂಬೂರಿ, ಸೋಸಿದ ಹಾಲಿನಷ್ಟು ತೆಳ್ಳಗೆ.
ನರ್ಸಯ್ಯ ಚಪ್ಪಾಳೆ ತಟ್ಟಿದ.

ಆತ್ಯಾ ಕಣ್ಣು ಬಿಟ್ಟಳು.
"ಚೊಲೊ ಐತಿ. ಆದರ ಮಗ್ಗ ಎಲ್ಲಿ?"

ಅವಳ ಕಿವಿಯೊಳಗೆ ಹಗಲೂ ರಾತ್ರಿ ಗುಂಯ್ ಅನ್ನುತ್ತದೆ,
ಕಾರಖಾನೆ ಮುಚ್ಚಿ ಹನ್ನೆರಡು ವರ್ಷವಾದರೂ.
ದವಾಖಾನೆಯವರು ಏನೂ ಇಲ್ಲ ಅಂದರು,
ಮರಾಠಿಯಲ್ಲಿ ಬರೆದೂ ಕೊಟ್ಟರು.
ಸೊಸೆ ನಕ್ಕಳು. ಯಂತ್ರವಾದರೂ ಸಾಕ್ಷಿ ನುಡಿದೀತು
ಎಂದು ಕೂತಿದ್ದಾಳೆ, ಕಿವಿ ಬರಿದು ಮಾಡಿಕೊಂಡು.
ಎಂಟೂ ಗೆರೆಗಳಲ್ಲಿ ಹುಡುಕಿದೆ. ಇರಲಿಲ್ಲ.

ಇರಲಿಲ್ಲ ಎನ್ನಲು ಬಾಯಿ ತೆರೆದವಳು,
ಮೌಸು ಜಾರಿತೋ, ಜಾರಿಸಿದೆನೋ,
ಐವತ್ತು ಹರ್ಟ್ಜ್ ತಡೆಯುವ ಜರಡಿಯ ಟಿಕ್ಕು ತೆಗೆದೆ.
ಗೋಡೆಯ ವೈರು, ಟ್ಯೂಬ್‌ಲೈಟು, ಪಕ್ಕದ ಮನೆಯ ಫ್ರಿಜ್ಜು,
ಬೀದಿಯ ಕಂಬ, ಎಲ್ಲ ಒಮ್ಮೆಲೇ ನುಗ್ಗಿ
ಒಂದೇ ಸ್ವರವಾಗಿ, ಮಂದ್ರದಲ್ಲಿ,
ಎಂಟೆಳೆಯ ಹಾಸಿನೊಳಗೆ ಹೊಕ್ಕಾಗಿ ಹಾಯಿತು.

ಅವಳ ಹೆಬ್ಬೆರಳು ನೆಲ ಒತ್ತಿತು.
ಬಲಗೈ ಗಾಳಿಯಲ್ಲಿ ಹರಿದ ಎಳೆ ಹುಡುಕಿ
ಗಂಟು ಹಾಕಿತು.
"ಇದಽ. ಇದಽ ನೋಡು."

ಸುಳ್ಳಿಗೆ ನಾಲಿಗೆ ಹೊರಳಲಿಲ್ಲ. ಹೇಳಿದೆ:
ಆತ್ಯಾ, ಇದು ನಿನ್ನ ತಲೀದಲ್ಲ. ಕರೆಂಟಿಂದು.

"ಮತ್ತ ಮಗ್ಗ ಏನ ನೀರಿನ ಮ್ಯಾಲ ನಡೀತಿತ್ತೇನ?"

ನರ್ಸಯ್ಯ ನನ್ನ ಮುಖ ನೋಡಿದ.
ನಾನು ಟಿಕ್ಕು ಮತ್ತೆ ಹಾಕಲಿಲ್ಲ.

ಏಳೂಕಾಲಿಗೆ ಲೈಟು ಹೋಯಿತು, ಪೇಠದುದ್ದಕ್ಕೂ.
ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ಉಳಿಯಿತು; ಗುಂಯ್ ನಿಂತಿತು.
ಕತ್ತಲಲ್ಲಿ ತಂಬೂರಿಯೊಂದೇ, ಯಾರೂ ಮೀಟದೆ,
ಅವಳು ಕಣ್ಣು ಮುಚ್ಚಿದ್ದಾಳೆ ಎಂದು
ನಮಗೆ ತಿಳಿಸುತ್ತ.

"ಪಾಳಿ ಮುಗೀತು," ಅಂದಳು. ಕ್ಲಿಪ್ಪು ತಾನೇ ಕಿತ್ತು,
ಸೆರಗಿನ ಗಂಟು ಬಿಚ್ಚಿ, ಕಿವಿಯ ತೂತು ತಡಕುತ್ತ:
"ಈ ಗೋಂದು ಸೀಗೀಕಾಯಿಗೆ ಹೋಗತೈತಿಲ್ಲ?"