ನಾಲ್ಕನೆಯ ಬುಷ್

‘ಸಿಂಗಲ್ ಓನರ್ ಗಾಡಿ ಮೇಡಂ, ಒಂದು ಗೀರಿಲ್ಲ,
ಎಸಿ ಗ್ಯಾಸ್ ಒಂದು ಹಾಕಿಸ್ಕೊಳ್ಳಿ, ಅಷ್ಟೇ’
ಅಂದಿದ್ದರು ನಾಗರಬಾವಿಯ ಚಿಕ್ಕರಂಗಪ್ಪನವರು
ಬಾನೆಟ್ಟಿನ ಮೇಲೆ ಕೈಯಿಟ್ಟು,
ಮಾರುವ ಎತ್ತಿನ ಹಿಣಿಲು ಸವರುವವರ ಹಾಗೆ.

ಎರಡು ಸಾವಿರದ ಒಂಬತ್ತರ ಮಾಡೆಲ್ಲು, ಡೀಸೆಲ್ಲು, ಏಳು ಸೀಟು.
ನನಗೆ ಬೇಕಿದ್ದದ್ದು ಸೀಟಲ್ಲ, ಹಿಂದಿನ ಜಾಗ.
ಹನ್ನೆರಡು ಡಬ್ಬ ದೋಸೆಹಿಟ್ಟು
ಬೆಳಗಿನ ನಾಲ್ಕಕ್ಕೆ ಹೇರೋಹಳ್ಳಿ ಬಿಟ್ಟು
ಉಬ್ಬುವ ಮುಂಚೆ ಮುಟ್ಟಬೇಕು ವಿಜಯನಗರದ ಅಂಗಡಿಗಳನ್ನು.
ಹಿಟ್ಟು ಯಾರಿಗೂ ಕಾಯುವುದಿಲ್ಲ.

ಮೊದಲ ತಿಂಗಳು ಗ್ಯಾಸ್ ಹಾಕಿಸಿದೆ.
ಎರಡನೆಯ ತಿಂಗಳು, ಆ ಗ್ಯಾಸ್ ನಿಲ್ಲಲೆಂದು, ಕಂಪ್ರೆಸರ್ರು.
ಕಂಪ್ರೆಸರ್ ಬಿಚ್ಚಿದವನಿಗೆ ಕಂಡಿತು ರೇಡಿಯೇಟರಿನ ಹಸಿರು ಸೋರಿಕೆ,
ರೇಡಿಯೇಟರ್ ಇಳಿಸುವಾಗ ಹೋಸ್‌ಪೈಪು ತಾನಾಗಿ ಬಿರಿಯಿತು.
ಕಾಮಾಕ್ಷಿಪಾಳ್ಯದ ಬಾಬ್‌ಜಾನ್ ಕೈಯೊರೆಸಿಕೊಂಡು ಅಂದ:
‘ಹಳೇ ಗಾಡಿ ಅಂದ್ರೆ ಹಳೇ ಸೀರೆ ಅಕ್ಕಾ,
ಒಂದು ಕಡೆ ಹೊಲಿದ್ರೆ ಪಕ್ಕದಲ್ಲಿ ಪಿಸಿಯುತ್ತೆ.’

ಹಿಟ್ಟಿನ ಲೆಕ್ಕದ ಪುಸ್ತಕದಲ್ಲೇ ಬರೆದೆ.
ಉದ್ದು ಇಪ್ಪತ್ತು ಕೆಜಿ. ಕ್ಲಚ್ ಪ್ಲೇಟು.
ಮೆಂತ್ಯ ಎರಡು. ಇಂಜೆಕ್ಟರು ಒಂದು, ಉಳಿದವಕ್ಕೆ ಕ್ಲೀನಿಂಗು.
ಸಸ್ಪೆನ್ಷನ್ ಬುಷ್ಷು, ನಾಲ್ಕರಲ್ಲಿ ಮೂರು;
ನಾಲ್ಕನೆಯದು ‘ಇನ್ನೂ ಓಡುತ್ತೆ ಬಿಡಿ’.
ಟರ್ಬೊ ಎಂದು ಬರೆದು ಎದುರಿಗೆ ಅಂಕಿ ಬರೆದಿಲ್ಲ,
ಪುಸ್ತಕ ಅಮ್ಮನೂ ನೋಡುತ್ತಾಳೆ.

ಜೆ.ಸಿ. ರಸ್ತೆಯ ಅಂಗಡಿ ಹುಡುಗ
ತಲೆಯೆತ್ತದೆ ಕೇಳಿದ್ದ: ‘ಒರಿಜಿನಲ್ಲಾ, ಲೋಕಲ್ಲಾ, ಗುಜರೀದಾ?’
ಮೂರಕ್ಕೂ ಬೆಲೆ ಬೇರೆ,
ಮೂರೂ ಬಂದದ್ದು ಒಂದೇ ಅಟ್ಟದಿಂದ.

ಒಂದು ಬೆಳಗ್ಗೆ, ಸುಮನಹಳ್ಳಿ ಸೇತುವೆಯ ಕೆಳಗೆ,
ಕಾಲು ಒತ್ತಿದರೆ ಕ್ಲಚ್ಚು ನೆಲಕ್ಕೆ ಹೋಗಿ ಅಲ್ಲೇ ಮಲಗಿತು.
ಹೊಸ ಪ್ಲೇಟು, ಹಳೆಯ ಸಿಲಿಂಡರು.
ಬಾಬ್‌ಜಾನ್ ಫೋನು ಎತ್ತುವಷ್ಟರಲ್ಲಿ ಆರೂವರೆ.
ಹಿಂದೆ ಒಂದೊಂದೇ ಮುಚ್ಚಳ ಮೆಲ್ಲಗೆ ಏಳುತ್ತಿತ್ತು.
ಆ ಗಾಡಿಯಲ್ಲಿ ಜೀವ ಇದ್ದದ್ದು
ಹಿಟ್ಟಿಗೆ ಮಾತ್ರ.

ಇವತ್ತಿಗೂ ಎಸಿ ಹಾಕಿದರೆ ಹುಳಿ ಗಾಳಿ.

ಹದಿನೈದು ತುಂಬಿತು.
ಎಫ್‌ಸಿಗೆ ಬಣ್ಣ ಬಳಿಸಬೇಕು, ಹಾರ್ನು ಕೂಗಬೇಕು,
ಹಸಿರು ತೆರಿಗೆ ಕಟ್ಟಬೇಕು, ಹೊಗೆ ಕಪ್ಪಾಗಿದ್ದಕ್ಕೆ.
ಇನ್ಶೂರೆನ್ಸಿನವನ ಕಾಗದದಲ್ಲಿ ಇಡೀ ಗಾಡಿಯ ಬೆಲೆ
ನಾನು ಹಾಕಿಸಿದ ನಾಲ್ಕು ಟೈರಿಗಿಂತ ಒಂದು ಕೈ ಮೇಲೆ.
‘ಮಾರಿಬಿಡು’ ಅಂದಳು ಅಮ್ಮ. ಪುಸ್ತಕ ಮುಚ್ಚಿಯೇ ಅಂದಳು.

ಕೊಳ್ಳಲು ಬಂದ ಹುಡುಗ ಮಧುಕೇಶ,
ಶಾಮಿಯಾನ, ಸ್ಪೀಕರ್ರು ಬಾಡಿಗೆಗೆ ಕೊಡುವವನು.
‘ನಮ್ಮ ಮೆಕ್ಯಾನಿಕ್ ಒಂದ್ಸಲ ನೋಡ್ತಾರೆ ಮೇಡಂ’ ಅಂದ.
ಬೈಕಿನಿಂದ ಇಳಿದವನು
ಬಾಬ್‌ಜಾನ್.

ನನ್ನ ಗುರುತಿಲ್ಲ ಅವನಿಗೆ.
ಗಾಡಿಯ ಗುರುತೂ ಇಲ್ಲ.
ಬಾನೆಟ್ಟಿನ ಚಿಲಕ ಎಲ್ಲಿ ಅಂತ ಹುಡುಕಿದ,
ಆ ಚಿಲಕ ಹಾಕಿದ್ದೇ ಅವನು.
ಆಯಿಲ್ ಕಡ್ಡಿ ಎಳೆದು ಮೂಸಿ, ತೋಳಿಗೆ ಒರೆಸಿ,
ಇಂಜಿನ್ನಿಗೆ ಕಿವಿಗೊಟ್ಟು ಕಣ್ಣು ಮುಚ್ಚಿದ.
‘ಎಲ್ಲಾ ಹೊಸದು ಸಾರ್,
ಯಾರೋ ಪುಣ್ಯಾತ್ಮರು ಸುರಿದಿದ್ದಾರೆ.’
ಸುಳ್ಳೇನಲ್ಲ.
ನಾನು ಗೇಟಿನ ತುಕ್ಕು ಕೆರೆಯುತ್ತಾ ನಿಂತೆ.

ಆಮೇಲೆ ಒಂದು ಸುತ್ತು. ಹುಡುಗ ಸ್ಟೇರಿಂಗಿಗೆ,
ಬಾಬ್‌ಜಾನ್ ಪಕ್ಕಕ್ಕೆ, ನಾನು ಹಿಂದೆ;
ಐದು ವರ್ಷದಲ್ಲಿ ಮೊದಲ ಸಲ ಆ ಸೀಟಿನಲ್ಲಿ ಕೂತೆ.
ಮೆತ್ತಗಿದೆ, ಯಾರೂ ಹೇಳಿರಲಿಲ್ಲ.
ಹಾಲಿನ ಬೂತಿನ ಬಳಿ ಎಡಕ್ಕೆ ಹೊರಳಿದಾಗ
ಕೆಳಗಿನಿಂದ,
ಟಕ್.

ಬಾಬ್‌ಜಾನ್ ಕಿಟಕಿಯಾಚೆ ನೋಡಿದ.
ನಾನು ಬ್ಯಾಗಿನ ಜಿಪ್ಪು ಎಳೆದೆ, ಮತ್ತೆ ಎಳೆದೆ.
ಹುಡುಗ ಹಾರ್ನು ಹೊಡೆದು ಖುಷಿಪಡುತ್ತಿದ್ದ.

ಇಳಿದ ಮೇಲೆ ಕೇಳಿದ:
‘ಏನಾದ್ರೂ ಕೆಲಸ ಇದೆಯಾ ಮೇಡಂ, ಇದ್ದದ್ದು ಹೇಳಿಬಿಡಿ.’
ಹೇಳಲು ಬಾಯಿ ತೆರೆದೆ.
ನೋಡಿದರೆ ನನ್ನ ಬಲಗೈ
ಬಾನೆಟ್ಟಿನ ಮೇಲಿತ್ತು,
ಬಿಸಿಯಾಗಿತ್ತು,
ಮೆಲ್ಲಗೆ ಸವರುತ್ತಿತ್ತು.